ಉಪಮೆಯೋ ರೂಪಕವೋ

ಹೊಸಪೇಟೆಯಲ್ಲಿ ಇಂಗ್ಲಿಷ್ ಟ್ಯೂಶನ್ ಹೇಳುವ ಕೊಟ್ರಯ್ಯ ಮಾಸ್ತರರಿಗೆ ಯಾವ ಶಬ್ದವೂ ಬೇರು ಬಿಡಿಸದೆ ಗಂಟಲಿಳಿಯದು. ಫೋನ್ ಬಂದರೆ, ‘ಟೆಲಿ ಅಂದ್ರ ದೂರ, ಫೋನ್ ಅಂದ್ರ ದನಿ’ ಎಂದು ಮಕ್ಕಳಿಗೆ ಹೇಳಿ ಮುಗಿಸುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ. ಚಹಾದಂಗಡಿಯಲ್ಲಿ ಯಾರಾದರೂ ‘ಬಿಸಿಲು ಬೆಂಕಿ ಹಂಗೈತಿ’ ಎಂದರೆ ‘ಉಪಮೆ’ ಎನ್ನುತ್ತಾರೆ. ಬರೀ ‘ಬೆಂಕಿ’ ಎಂದರೆ ‘ರೂಪಕ’. ಮೊನ್ನೆ ಟ್ಯೂಶನ್ನಿನಲ್ಲಿ ರೂಪಕಕ್ಕೆ ಉದಾಹರಣೆ ಕೇಳಿದಾಗ ಪೂಜಿತಾ ಎಂಬ ಹುಡುಗಿ, ‘ನಮ್ಮಜ್ಜಿ ನನಗ ಅವ್ವ ಅಂತಾಳ್ರಿ’ ಎಂದಳು. ‘ಭೇಷ್, ರೂಪಕ’ ಎಂದು ಮಾಸ್ತರರು ಬೋರ್ಡಿಗೆ ತಿರುಗಿದರು. ‘ಅಲ್ರಿ ಸರ್, ಆಕಿ ಅವ್ವ ಸತ್ತ ಮ್ಯಾಲ ನಾ ಹುಟ್ಟೀನಿ. ನಾ ಉಣ್ಣೂತನ ಆಕಿ ಉಣ್ಣಂಗಿಲ್ಲ.’ ಚಾಕ್‌ಪೀಸು ಅಲ್ಲೇ ನಿಂತಿತು. ಮನೆಗೆ ಹೋಗಿ, ತೀರಿಹೋದ ತಮ್ಮ ತಾಯಿಯ ಹೆಸರಿಟ್ಟ ಪುಟ್ಟ ಮಗಳನ್ನು ‘ಉಂಡಿಯೇನವ್ವ?’ ಎಂದು ಕೇಳಿದವರು, ಇದು ಯಾವ ಅಲಂಕಾರವೆಂದು ತಿಳಿಯದೆ, ಅವಳು ಉಣ್ಣುವ ತನಕ ತಟ್ಟೆ ಮುಟ್ಟದೆ ಕುಳಿತರು.