ಹಿಮ ಕಾಣದವರ ಮೋಟು ಹಲಗೆ

ಗೊತ್ತಿಲ್ಲದ ವಿಷಯದ ಮೇಲೆ ವಾದ ಮಾಡುವುದರಲ್ಲಿ ಇರುವ ಸುಖ ಗೊತ್ತಿರುವ ವಿಷಯದಲ್ಲಿ ಇಲ್ಲ. ಗೊತ್ತಿರುವ ವಿಷಯವಾದರೆ ಎರಡು ಮಾತಿಗೆ ಮುಗಿದುಹೋಗುತ್ತದೆ, ಆಮೇಲೆ ಎದ್ದು ಮನೆಗೆ ಹೋಗಬೇಕಾಗುತ್ತದೆ. ಗೊತ್ತಿಲ್ಲದ್ದಾದರೆ ದೀಪ ಹಚ್ಚುವ ಹೊತ್ತಾದರೂ ಕೈಗೆ ಹೊಸ ಹೊಸ ಪಾಯಿಂಟುಗಳು ಸಿಗುತ್ತಲೇ ಇರುತ್ತವೆ. ನನ್ನ ಈ ಗುಣ ಮೇಷ್ಟರ ಕೆಲಸದಿಂದ ಬಂದದ್ದು ಎಂದು ನನ್ನ ಹೆಂಡತಿಯ ಅಭಿಪ್ರಾಯ. ಇರಬಹುದು. ಹುಣಸೂರಿನ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದವನು ನಾನು. ಹಿಮಾಲಯವನ್ನು ಬೆತ್ತದ ತುದಿಯಿಂದ ಸಾವಿರ ಸಲ ಮುಟ್ಟಿದ್ದೇನೆ. ಹಿಮವನ್ನು ಮಾತ್ರ ಒಂದು ಸಲವೂ ಮುಟ್ಟಿಲ್ಲ. ಮೈಸೂರಿನ ಸೋಡಾ ಅಂಗಡಿಯೊಂದರಲ್ಲಿ ಮರದ ಹೊಟ್ಟಿನೊಳಗೆ ಹೂತಿಟ್ಟಿದ್ದ ಬರ್ಫದ ಗಟ್ಟಿ ನೋಡಿದ್ದೇ ನನ್ನ ಹಿಮದರ್ಶನ.

ಇಷ್ಟು ಬಂಡವಾಳ ಇಟ್ಟುಕೊಂಡು ನಾನು ಒಂದು ಬೇಸಿಗೆ ಪೂರ್ತಿ ಹಿಮದ ಮೇಲೆ ಜಾರುವ ಹಲಗೆ ಎಷ್ಟು ಉದ್ದ ಇರಬೇಕು ಎಂಬ ವಾದದಲ್ಲಿ ತೊಡಗಿದ್ದೆ. ನನ್ನ ಜೊತೆಗೆ ವಾದಕ್ಕೆ ಕೂತಿದ್ದ ಇಬ್ಬರು ಬರ್ಫವನ್ನೂ ನೋಡಿದವರಲ್ಲ. ಹಾಗಾಗಿ ನಮ್ಮ ಸಭೆಯಲ್ಲಿ ನಾನೇ ತಜ್ಞ.

ಒಬ್ಬರು ಇಬ್ರಾಹಿಂ ಸಾಬರು. ಹುಣಸೂರಿನಲ್ಲಿ ಗಾಡಿ ಮಾಡುವವರಿಗೆ ಬರವಿಲ್ಲ, ಆದರೆ ಸಾಬರ ಗಾಡಿ ಎಂದರೆ ಬೇರೆ. ಕೊಡಗಿನಿಂದ ಕಾಫಿ ಹೇರಿಕೊಂಡು ಬರುವ ಗಾಡಿಗಳು ಘಾಟಿಯಲ್ಲಿ ಮುರಿದು ಬಿದ್ದರೆ, ಅದು ಸಾಬರ ಗಾಡಿಯಲ್ಲ ಎಂದು ದೂರದಿಂದಲೇ ಹೇಳಬಹುದಿತ್ತು. ಹಾಗಂತ ಬೇರೆಯವರು ಹೇಳಲಿ ಎಂದು ಕಾಯುವ ಸ್ವಭಾವವೂ ಅವರದಲ್ಲ. ತಮ್ಮ ಕೈಯ ಕೆಲಸವನ್ನು ತಾವೇ ಬಾಯ್ತುಂಬ ಹೊಗಳಿಕೊಳ್ಳುತ್ತಿದ್ದರು. ಇನ್ನೊಬ್ಬರು ಪುಟ್ಟಬಸಪ್ಪನವರು, ಕೃಷ್ಣರಾಜನಗರದ ಕಡೆ ಕಾವೇರಿ ನಾಲೆಯ ಕೆಳಗೆ ಗದ್ದೆ ಇದ್ದವರು. ಹಣೆಯ ಮೇಲಿನ ವಿಭೂತಿ ಬೆವರಿಗೆ ಕರಗಿದರೂ ತಮ್ಮ ಮಾತನ್ನು ಒಂದು ಕೂದಲೆಳೆಯಷ್ಟೂ ಸಡಿಲಿಸದ ಮನುಷ್ಯ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕಿಸಲು ಬಂದವರು, ಪಟ್ಟಾ ಹಾಕಿಸಿ ಆದಮೇಲೂ ಸಂತೆಗೆ ಬಂದಾಗಲೆಲ್ಲ ಸಾಬರ ಜಗಲಿಯಲ್ಲಿ ಕೂರುತ್ತಿದ್ದರು.

ಈ ಜಗಲಿಗೆ ಒಂದು ದಿನ ಪಿರಿಯಾಪಟ್ಟಣದ ಆಚೆಯ ಕಾಫಿ ತೋಟದ ಬಿಳಿ ದೊರೆ ಬಂದ. ಅವನ ಗಾಡಿಗಳೆಲ್ಲ ಸಾಬರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಐವತ್ತು ದಾಟಿದ ಆಸಾಮಿ, ಕೆಂಪು ಮುಖ, ಕೂಲಿಗಳಿಂದ ಕಲಿತ ಕನ್ನಡ. ಆ ಕನ್ನಡದಲ್ಲಿ ಬಹುವಚನಕ್ಕೆ ಜಾಗವಿರಲಿಲ್ಲ. ಅಮಲ್ದಾರರನ್ನೂ ‘ನೀನು’ ಎನ್ನುತ್ತಿದ್ದ, ತನ್ನ ನಾಯಿಯನ್ನೂ ‘ನೀನು’ ಎನ್ನುತ್ತಿದ್ದ. ಅದರಿಂದ ನಾವೂ ಅವನ ಬೆನ್ನ ಹಿಂದೆ ಏಕವಚನದಲ್ಲೇ ಮಾತಾಡಿಕೊಂಡೆವು. ಅಲ್ಲಿಗೆ ಸರಿಹೋಯಿತು.

ಅವನು ಒಂದು ಪತ್ರಿಕೆಯಿಂದ ಹರಿದ ಚಿತ್ರವನ್ನೂ, ತಾನೇ ಗೀಚಿದ ಒಂದು ನಕ್ಷೆಯನ್ನೂ ತಂದಿದ್ದ. ಚಿತ್ರದಲ್ಲಿ ಒಬ್ಬ ಮನುಷ್ಯ ಎರಡು ಕಾಲಿಗೂ ತನಗಿಂತ ಉದ್ದನೆಯ ಹಲಗೆ ಕಟ್ಟಿಕೊಂಡು, ಎರಡು ಕೈಯಲ್ಲೂ ಕೋಲು ಹಿಡಿದು, ಮುಂದಕ್ಕೆ ಬಾಗಿ ನಿಂತಿದ್ದ. ಸುತ್ತ ಬರೀ ಬಿಳಿ. ನಕ್ಷೆಯಲ್ಲಿದ್ದ ಹಲಗೆ ಮಾತ್ರ ಮೋಟು, ನೆಟ್ಟಗೆ ನಿಲ್ಲಿಸಿದರೆ ಆಳಿನ ಎದೆಮಟ್ಟ ಬಂದರೆ ಹೆಚ್ಚು. ದೊರೆ ಇಂಗ್ಲಿಷಿನಲ್ಲಿ ಹೇಳಿದ, ನಾನು ಕನ್ನಡ ಮಾಡಿದೆ. ಅವನು ರಜದ ಮೇಲೆ ತನ್ನ ಊರಿಗೆ ಹೋಗುತ್ತಾನೆ. ಊರಿನ ಹಿಂದೆ ಹಿಮದ ಬೆಟ್ಟ, ಬೆಟ್ಟದಲ್ಲಿ ಎರಡು ಬಂಡೆಗಳ ನಡುವೆ ಕಡಿದಾದ ಒಂದು ಇಕ್ಕಟ್ಟಿನ ಇಳಿಜಾರು. ಹುಡುಗನಾಗಿದ್ದಾಗ ಅದರ ನೆತ್ತಿಯ ಮೇಲೆ ನಿಂತು ಹೆದರಿ ಹಿಂದಕ್ಕೆ ಬಂದಿದ್ದನಂತೆ. ಅಲ್ಲಿ ಉದ್ದನೆಯ ಹಲಗೆ ತಿರುಗುವುದಿಲ್ಲ, ಮೋಟು ಹಲಗೆ ತಿರುಗೀತು ಎಂದು ಅವನ ಲೆಕ್ಕಾಚಾರ. ಅವನ ಸ್ನೇಹಿತರೆಲ್ಲ ನಕ್ಕಿದ್ದರಂತೆ. ಮೈಯಲ್ಲಿ ಶಕ್ತಿ ಇರುವಾಗ ಒಂದು ಸಲ ಅದನ್ನು ಇಳಿಯಬೇಕು, ಅಷ್ಟೇ ತನ್ನ ಆಸೆ ಎಂದ. ಇದನ್ನು ಹೇಳುವಾಗ ದೊಡ್ಡ ಮನುಷ್ಯನ ಮುಖ ಶಾಲೆಯ ಹುಡುಗನ ಮುಖದ ಹಾಗೆ ಆಗಿದ್ದು ನೋಡಿ ನನಗೆ ಅವನ ಮೇಲೆ ಪ್ರೀತಿ ಬಂತು.

ಸಾಬರು ನಕ್ಷೆ ನೋಡಿ, ಆಗಲಿ ಎಂದರು. ನೊಗ ಕಟ್ಟುವ ಗಾಡಿಯ ಮೂಕಿಗೆ ಹಾಕುವ ತಡಸಲು ಮರ ಬಾಗುತ್ತದೆ, ಮುರಿಯುವುದಿಲ್ಲ, ಅದರಲ್ಲೇ ಮಾಡುತ್ತೇನೆ, ಹಲಗೆ ಮುರಿದು ನೀವು ಬಿದ್ದರೆ ನಾನು ಮರ ಕೆತ್ತುವ ಈ ಬಾಚಿಯನ್ನು ಕೆಳಗಿಟ್ಟು ಕಸುಬನ್ನೇ ಬಿಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟರು. ದೊರೆ ಹೋದ. ವಾದ ಶುರುವಾಯಿತು.

ಪುಟ್ಟಬಸಪ್ಪನವರಿಗೆ ಹಲಗೆಯ ವಿಷಯ ಹೊಸದಲ್ಲ. ಕೆಸರು ಮಾಡಿದ ಗದ್ದೆಗೆ ನಾಟಿಗೆ ಮುಂಚೆ ಮಟ್ಟದ ಹಲಗೆ ಹೊಡೆಯುತ್ತಾರಲ್ಲ, ಎತ್ತು ಎಳೆಯುತ್ತವೆ, ಹಲಗೆಯ ಮೇಲೆ ಮನುಷ್ಯ ನಿಂತು ಜಾರಿಕೊಂಡು ಹೋಗುತ್ತಾನೆ. ಹುಟ್ಟಿದಾಗಿನಿಂದ ತಾವು ಮಾಡುತ್ತಿರುವುದನ್ನೇ ಈ ದೊರೆ ಹಡಗು ಹತ್ತಿ ಹೋಗಿ ಮಾಡುತ್ತಾನಂತೆ ಎಂದು ಅವರಿಗೆ ತಾತ್ಸಾರ. ಮೋಟು ಹಲಗೆ ಕೆಸರಿಗೆ ಮೂತಿ ಹಾಕುತ್ತದೆ, ನಿಂತವನನ್ನು ಮುಂದಕ್ಕೆ ಎಸೆಯುತ್ತದೆ, ಹಲಗೆ ಎಂದರೆ ಉದ್ದವಿರಬೇಕು ಎಂಬುದು ಅವರ ಸಿದ್ಧಾಂತ. ಸಾಬರದು ಘಾಟಿಯ ಅನುಭವ. ಉದ್ದನೆಯ ಗಾಡಿ ಬಯಲಿನಲ್ಲಿ ರಾಜ, ಘಾಟಿಯ ತಿರುವಿನಲ್ಲಿ ಹೆಣ ಎಂದರು. ನಾನು ಭಾರ ಹಂಚಿಹೋಗುವ ಶಾಸ್ತ್ರ ಹೇಳಿ, ಹಲಗೆ ಗಿಡ್ಡವಾದಷ್ಟೂ ಹಿಮದಲ್ಲಿ ಹೂತುಹೋಗುತ್ತದೆ ಎಂದೆ. ನೀವು ಎಂದಾದರೂ ಹೂತುಹೋಗಿದ್ದೀರಾ ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ನಿಜ ಹೇಳಬೇಕೆಂದರೆ, ಉದ್ದವೆಂದರೆ ನಮಗೆ ಮೊದಲಿನಿಂದಲೂ ಗೌರವ. ಉದ್ದ ಕೋಟು ಹಾಕಿದವನಿಗೆ ಕುರ್ಚಿ ಕೊಡುತ್ತೇವೆ, ಉದ್ದನೆಯ ಭಾಷಣ ಮಾಡಿದವನನ್ನು ವಿದ್ವಾಂಸ ಎನ್ನುತ್ತೇವೆ. ಮೋಟು ಎನ್ನುವುದು ಪೊರಕೆಗೂ ಬೀಡಿಗೂ ಬಯ್ಯುವ ಮಾತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ಗಿಡ್ಡಗಿರುವವರು ಮಾತ್ರ ನಂಬಿಕೆಯಿಂದ ಹೇಳುವುದನ್ನು ನಾನು ಗಮನಿಸಿದ್ದೇನೆ. ವಾಮನನನ್ನೇ ನೋಡಿ, ಗಿಡ್ಡಗಿದ್ದಾಗ ಅವನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಬೆಳೆದು ನಿಂತಮೇಲೆ ಕೈಮುಗಿದರು. ನಾನೇನೂ ಎತ್ತರದ ಮನುಷ್ಯನಲ್ಲ, ಆದರೂ ಉದ್ದದ ಪಕ್ಷ ವಹಿಸಿದೆ. ಅದು ಯಾಕೆ ಎಂದು ಈಗಲೂ ನನಗೆ ಅರ್ಥವಾಗಿಲ್ಲ.

ವಾದದ ನಡುವೆ ಪುಟ್ಟಬಸಪ್ಪನವರು ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ, ಎತ್ತು ಎಲ್ಲಿ ಎಂದು ಕೇಳಿದರು. ಕೈಯಲ್ಲಿ ಬಾರುಕೋಲು ಇದೆ, ಅದೂ ಎರಡು. ಅಂದಮೇಲೆ ಎತ್ತು ಇರಲೇಬೇಕು. ಚಿತ್ರದ ಅಂಚು ಕತ್ತರಿಸಿದಲ್ಲಿ ಎತ್ತು ಆಚೆಗೆ ಹೋಗಿಬಿಟ್ಟಿವೆ ಎಂದು ಅವರೇ ತೀರ್ಮಾನಿಸಿದರು. ಇಳಿಜಾರಿನಲ್ಲಿ ಎತ್ತು ಯಾಕೆ ಎಂದು ನಾನು ಅನುಮಾನಪಟ್ಟದ್ದು ನಿಜ. ಘಾಟಿ ಇಳಿಯುವಾಗ ಗಾಡಿಗೆ ಎತ್ತು ಬಿಚ್ಚುತ್ತಾರಾ ಎಂದು ಸಾಬರು ಕೇಳಿದರು, ನಾನು ಬಾಯಿ ಮುಚ್ಚಿದೆ. ಮುಚ್ಚಿಕೊಂಡೇ ಇದ್ದಿದ್ದರೆ ಚೆನ್ನಾಗಿತ್ತು. ಉತ್ತರದ ಹಿಮದ ದೇಶಗಳಲ್ಲಿ ಎತ್ತಿನ ಬದಲು ಒಂದು ಜಾತಿಯ ಜಿಂಕೆ ಕಟ್ಟುತ್ತಾರೆ ಎಂದು ಭೂಗೋಳದಲ್ಲಿ ಓದಿದ್ದು ನೆನಪಾಗಿ ಹೇಳಿಬಿಟ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ಸಾಬರು ಎರಡು ಹಲಗೆಯ ಮೂತಿಗೂ ಅಚ್ಚುಕಟ್ಟಾಗಿ ತೂತು ಕೊರೆದು, ಹಗ್ಗ ಕಟ್ಟಲು ಕಬ್ಬಿಣದ ಬಳೆ ಕೂರಿಸಿದರು.

ಹಲಗೆ ನೋಡಲು ದೊರೆ ಬಂದ ದಿನ ಅವನ ಕಣ್ಣು ಮೊದಲು ಹೋದದ್ದು ಮರದ ನಯದ ಮೇಲೆ, ಬಿಸಿನೀರಿಗೂ ಕೆಂಡಕ್ಕೂ ಒಡ್ಡಿ ಬಗ್ಗಿಸಿದ ಮೂತಿಯ ಮೇಲೆ. ಆಹಾ ಎಂದ. ಆಮೇಲೆ ಬಳೆ ಕಂಡಿತು. ಇದೇನು ಎಂದ. ಎತ್ತಿಗೆ ಎಂದರು ಸಾಬರು. ದೊರೆ ಸ್ವಲ್ಪ ಹೊತ್ತು ನಮ್ಮ ಮೂವರ ಮುಖವನ್ನೂ ನೋಡಿದ.

“ಎತ್ತು ಬೇಡ. ಬೆಟ್ಟ ಎಳೀತದೆ” ಎಂದ.

ಸಾಬರ ಮುಖ ಕಪ್ಪಿಟ್ಟಿತು. ಜೀವಮಾನದಲ್ಲಿ ಅವರ ಜಗಲಿಯಿಂದ ತಪ್ಪು ತೂತು ಕೊರೆದ ಮರ ಆಚೆಗೆ ಹೋಗಿರಲಿಲ್ಲ. ಬೇರೆ ಮಾಡುತ್ತೇನೆ ಎಂದರೆ ಮರ ಒಣಗಲು ಸಮಯವಿಲ್ಲ, ದೊರೆಯ ಹಡಗು ಕಾಯುವುದಿಲ್ಲ. ತೂತಿನ ಜಾಗದಲ್ಲಿ ಮರ ಸೀಳಿಬಿಟ್ಟರೆ? ಬೆಟ್ಟದ ಮಧ್ಯೆ ಸೀಳಿದರೆ ಮನುಷ್ಯನ ಗತಿ? ಅವರು ಕೂತಲ್ಲೇ ಕುಸಿದರು. ಪುಟ್ಟಬಸಪ್ಪನವರೇ ದಾರಿ ತೋರಿಸಿದರು. ಬಳೆ ಇದ್ದೇ ಇದೆ, ತಮ್ಮ ಗದ್ದೆಯಲ್ಲಿ ಕೆಸರಿದೆ, ತಮ್ಮ ಜೋಡೆತ್ತು ಎಳೆಯಲಿ. ಆ ಎಳೆತಕ್ಕೆ ಸೀಳದ ಮರ ಇನ್ನು ಯಾವ ಬೆಟ್ಟಕ್ಕೂ ಸೀಳುವುದಿಲ್ಲ.

ಹೀಗೆ ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ, ನಾಟಿಗೆ ಬಂದಿದ್ದ ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತು ಸೆರಗು ಬಾಯಿಗೆ ಹಿಡಿದು ನೋಡುತ್ತಿರಲು, ದೊರೆ ಮೋಟು ಹಲಗೆ ಕಟ್ಟಿಕೊಂಡು ಕೆಸರಿಗೆ ಇಳಿದ. ಎತ್ತು ಹೊರಟವು. ಹಲಗೆ ಹೂತುಹೋಗಲಿಲ್ಲ, ನನ್ನ ಶಾಸ್ತ್ರ ಅಲ್ಲಿಗೆ ಮುಗಿಯಿತು. ಗದ್ದೆಯ ಮೂಲೆಯಲ್ಲಿ, ಮಟ್ಟದ ಹಲಗೆಯನ್ನು ಎತ್ತಿ ತಿರುಗಿಸಬೇಕಾದ ಜಾಗದಲ್ಲಿ, ದೊರೆ ಒಂದು ಮೊಣಕಾಲು ಬಗ್ಗಿಸಿ ಸರ್ರನೆ ತಿರುಗಿಬಿಟ್ಟ. ಸಾಬರು ನನ್ನ ಭುಜವನ್ನು ಎಷ್ಟು ಬಲವಾಗಿ ಹಿಡಿದರೆಂದರೆ ಅವರ ಬೆರಳಿನ ಗುರುತು ಎರಡು ದಿನ ಇತ್ತು. ಅಷ್ಟರಲ್ಲಿ ಬದು ಬಂತು, ಎತ್ತು ನಿಂತವು, ದೊರೆ ನಿಲ್ಲಲಿಲ್ಲ.

ಕೆಸರಿನಿಂದ ಅವನನ್ನು ಎತ್ತಿ ಕೂರಿಸಿದಾಗ ಹಲ್ಲೊಂದನ್ನು ಬಿಟ್ಟರೆ ಮತ್ತೇನೂ ಬೆಳ್ಳಗೆ ಇರಲಿಲ್ಲ. ನಗುತ್ತಿದ್ದ. ಹಲಗೆ ಸೀಳಿರಲಿಲ್ಲ. ಬಿದ್ದನೋ ಇಲ್ಲವೋ ಎಂದರು ಪುಟ್ಟಬಸಪ್ಪನವರು. ತಿರುಗಿದನೋ ಇಲ್ಲವೋ ಎಂದರು ಸಾಬರು. ವಾದ ಮುಗಿಯಲಿಲ್ಲ, ದೊರೆ ಮೈ ತೊಳೆದುಕೊಂಡು ಹಲಗೆ ಹೊತ್ತುಕೊಂಡು ಹೊರಟುಹೋದ.

ಆಮೇಲಿನ ತಿಂಗಳುಗಳು ನಮಗೆ ಸುಖವಾಗಿರಲಿಲ್ಲ. ಪಿರಿಯಾಪಟ್ಟಣದ ಕಡೆಯಿಂದ ಗಾಡಿ ಬಂದರೆ ಸಾಬರು ಬಾಚಿ ನಿಲ್ಲಿಸಿ, ದೊರೆಯ ಸುದ್ದಿ ಏನಾದರೂ ಇದೆಯೇ ಎಂದು ಗಾಡಿಯವರನ್ನು ಕೇಳುತ್ತಿದ್ದರು. ಇಲ್ಲ ಎಂದರೆ ಮತ್ತೆ ಕೆತ್ತುತ್ತಿದ್ದರು, ಆದರೆ ಹೊಗಳಿಕೊಳ್ಳುವುದನ್ನು ಬಿಟ್ಟಿದ್ದರು. ಹೊಗಳಿಕೊಳ್ಳದ ಇಬ್ರಾಹಿಂ ಸಾಬರನ್ನು ನೋಡುವುದು ನನಗೆ ಕಷ್ಟವಾಯಿತು. ಪುಟ್ಟಬಸಪ್ಪನವರೂ ಮೋಟು ಹಲಗೆಯ ಮಾತು ಎತ್ತುತ್ತಿರಲಿಲ್ಲ. ತಮ್ಮ ವಾದ ಗೆಲ್ಲಬೇಕಾದರೆ ದೊರೆ ಬಿದ್ದಿರಬೇಕಲ್ಲ ಎಂದು ಅವರಿಗೂ ಹೆದರಿಕೆ.

ದೊರೆ ಬಂದ. ತೋಟಕ್ಕೂ ಹೋಗದೆ, ಮೈಸೂರಿನಿಂದ ನೇರವಾಗಿ ಜಗಲಿಗೇ ಬಂದ. ಎರಡು ಕಾಲಿನ ಮೇಲೆ ನಡೆದು ಬಂದದ್ದನ್ನು ಸಾಬರು ಮೊದಲು ನೋಡಿಕೊಂಡರು. ಆದರೆ ಮುಖದಲ್ಲಿ ಕಳೆ ಇರಲಿಲ್ಲ. ಕೂತು ಹೇಳಿದ. ಅವನ ಊರಿನವರೂ ಹಲಗೆ ನೋಡಿ ನಕ್ಕರಂತೆ. ಆಮೇಲೆ ಒಲೆಯ ಸುತ್ತ ಕೂತು ದಿನಗಟ್ಟಲೆ ವಾದ ಮಾಡಿದರಂತೆ. ಮೂತಿ ಹಾಕುತ್ತದೆ ಎಂದು ಒಬ್ಬ, ಹೂತುಹೋಗುತ್ತದೆ ಎಂದು ಇನ್ನೊಬ್ಬ. ನನ್ನ ಪಾಯಿಂಟನ್ನು ಹಿಮದ ದೇಶದ ತಜ್ಞರೇ ಎತ್ತಿದ್ದರು ಎಂದು ಕೇಳಿ, ಅಂಥ ಹೊತ್ತಿನಲ್ಲೂ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕೊನೆಗೆ ಒಂದು ಬೆಳಿಗ್ಗೆ ಅವರೆಲ್ಲ ಕಾಫಿ ಕುಡಿಯುತ್ತಿರುವಾಗ ಇವನು ಒಬ್ಬನೇ ಹೋಗಿ, ಆ ಬಂಡೆಗಳ ನಡುವೆ ಇಳಿದುಬಿಟ್ಟನಂತೆ. ಬೀಳದೆ, ನೆತ್ತಿಯಿಂದ ಬುಡದವರೆಗೆ. ವಾಪಸು ಹೋಗಿ ಹೇಳಿದರೆ ಅವರು ಎದ್ದು ನೋಡಲು ಬಂದರು. ಅಷ್ಟರಲ್ಲಿ ಹೊಸ ಹಿಮ ಬಿದ್ದು ಹಲಗೆಯ ಗೆರೆಗಳೆಲ್ಲ ಮುಚ್ಚಿಹೋಗಿದ್ದವು. ನೀನು ರಸ್ತೆ ಸುತ್ತಿಕೊಂಡು ಬಂದಿದ್ದೀಯ ಎಂದರಂತೆ.

“ಯಾರೂ ನಂಬಲಿಲ್ಲ” ಎಂದು ದೊರೆ ನೆಲ ನೋಡಿದ.

ಸಾಬರು ದೊರೆಯ ಹತ್ತಿರಕ್ಕೆ ಸರಿದು ಕೂತರು. ಆಮೇಲೆ, ಬಂಡೆಯ ಹತ್ತಿರ ತಿರುಗುವಾಗ ಯಾವ ಕಾಲಿನ ಮೇಲೆ ಭಾರ ಬಿಟ್ಟಿರಿ ಎಂದು ಕೇಳಿದರು. ದೊರೆ ಎದ್ದು, ಜಗಲಿಯ ಮೇಲೇ ಮೊಣಕಾಲು ಬಗ್ಗಿಸಿ, ಮೈ ವಾಲಿಸಿ ತೋರಿಸಿದ. ಒಂದು ಬೇಸಿಗೆ ಪೂರ್ತಿ ಉದ್ದದ ಪಕ್ಷದಲ್ಲಿದ್ದ ಪುಟ್ಟಬಸಪ್ಪನವರು ಅದನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ಅಂಗೇ ಕಣ್ರೀ ವಾಲ್ಬೇಕಾದ್ದು. ಅಂಗೆ ವಾಲ್ದೋನು ಬೀಳಕ್ಕಿಲ್ಲ ಬುಡಿ. ಇವ್ರು ಇಳ್ದವ್ರೆ” ಎಂದರು.

“ಇಳೀದೆ ಏನು? ಅಲಗೆ ಮಾಡ್ದೋನು ನಾನಲ್ವಾ” ಎಂದರು ಸಾಬರು.

ಬಹಳ ತಿಂಗಳ ಮೇಲೆ ಅವರು ಹೊಗಳಿಕೊಂಡದ್ದು ಕೇಳಿ ನನಗೆ ಕಣ್ಣು ತುಂಬಿತು. ದೊರೆ ಇಬ್ಬರ ಕೈಯನ್ನೂ ಹಿಡಿದುಕೊಂಡ, ಆಮೇಲೆ ನನ್ನ ಕಡೆ ನೋಡಿದ. ಶಾಸ್ತ್ರ ಬಲ್ಲವನು ನಾನು, ಸಾಕ್ಷಿ ಎಲ್ಲಿ ಎಂದು ಕೇಳಬೇಕಾದವನು. ನಾನೂ ನಂಬಿದೆ ಎಂದೆ, ನಂಬಿಯೂ ಇದ್ದೆ. ಹಿಮದಲ್ಲಿ ಹುಟ್ಟಿದವರು ಯಾರೂ ಒಪ್ಪದ ಮಾತನ್ನು ಹಿಮವನ್ನೇ ಕಾಣದ ಮೂವರು ಹುಣಸೂರಿನ ಒಂದು ಜಗಲಿಯ ಮೇಲೆ ಒಪ್ಪಿದೆವು. ಇದು ನ್ಯಾಯವೇ ಎಂದು ನೀವು ಕೇಳಬಹುದು. ಕಣ್ಣಾರೆ ಕಂಡದ್ದನ್ನು ಒಪ್ಪುವುದಕ್ಕೆ ದಾರಿಹೋಕರಾದರೂ ಸಾಕು. ಕಾಣದ್ದನ್ನು ಒಪ್ಪುವುದಕ್ಕೇ ಸ್ನೇಹಿತರು ಬೇಕಾಗುವುದು.