ಎಲ್ಲಾ ಒಂದ್ರಾಗೇ

ಭಾಲ್ಕಿ ಬಸ್ ನಿಲ್ದಾಣದ ಹಿಂದೆ ಫೋಟೋ ಸ್ಟುಡಿಯೋ ಇಟ್ಟಿದ್ದ ಮುದುಕರು ಅವರು. ತಮ್ಮ ಹಳೆಯ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡಿ, ಉಫ್ ಎಂದು ಊದಿ, ಸ್ಕ್ಯಾನರಿನಲ್ಲಿ ಇಡುತ್ತಿದ್ದರು. ಚಿತ್ರಕ್ಕೊಂದು ಫೈಲ್ ಬೇಕೋ, ಎಲ್ಲವೂ ಸೇರಿ ಒಂದೇ ಪಿಡಿಎಫ್ ಆಗಬೇಕೋ ಎಂದು ಕಂಪ್ಯೂಟರ್ ಕೇಳುತ್ತಿತ್ತು. ಅವರು ಪ್ರತಿಸಲವೂ ಒಂದೇ ಸಾಕೆಂದು ಒತ್ತುತ್ತಿದ್ದರು.

"ಬ್ಯಾರೆ ಬ್ಯಾರೆ ಯಾಕ್ರಿ? ಎಲ್ಲಾ ಒಂದ್ರಾಗೇ ಇರ್ಲಿ."

ನಾನು ಹೋದದ್ದು ಅವ್ವನ ಫೋಟೋ ಹುಡುಕಿಕೊಂಡು. ನಾನು ಕೂಸಿದ್ದಾಗಲೇ ತೀರಿಹೋದ ಅವಳ ಮುಖ ನನಗೆ ನೆನಪಿಲ್ಲ; ಮನೆಯಲ್ಲಿ ಒಂದು ಚಿತ್ರವೂ ಇಲ್ಲ. ಗಂಡಿನ ಕಡೆಯವರಿಗೆ ಕಳಿಸಲು ಇದೇ ಸ್ಟುಡಿಯೋದಲ್ಲಿ ಅವಳ ಫೋಟೋ ತೆಗೆಸಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಈಗ ಗುರುತಿಸಲು ಅಜ್ಜಿಯೂ ಇಲ್ಲ.

"ಇದ್ರಾಗ ಅದಾರ್ರಿ, ನೋಡ್ರಿ" ಎಂದು ಅವರು ಫೈಲ್ ತೆರೆದರು.

ಗಿರಾಕಿಗಳು ಸ್ಕ್ಯಾನ್ ಮಾಡಿಸಿದ್ದ ಯಾರದೋ ಪಹಣಿ, ಯಾರದೋ ಅಂಕಪಟ್ಟಿ, ಆಮೇಲೆ ಸಾಲುಸಾಲು ಹುಡುಗಿಯರು. ಎಲ್ಲರ ಕೈಯೂ ಅದೇ ಕುರ್ಚಿಯ ಮೇಲೆ. ಎಲ್ಲರ ಮೈಮೇಲೂ ಅದೇ ಹೂವಿನ ಸೀರೆ.

"ಸೀರಿ ನಮ್ದೇರಿ. ಫೋಟೋಕ್ಕ ಬಂದವ್ರಿಗೆಲ್ಲ ನಮ್ಮ ಮನಿಯವ್ರು ಅದನ್ನೇ ಉಡಸ್ತಿದ್ರು."

"ಇವರೊಳಗ ನಮ್ಮವ್ವ ಯಾರ್ರಿ?"

ಅವರು ಕನ್ನಡಕ ಹಣೆಗೇರಿಸಿದರು. ನನ್ನ ಗದ್ದ ಹಿಡಿದು, ನೆಗೆಟಿವ್ ತಿರುಗಿಸುವಂತೆಯೇ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು. ಕೊನೆಗೆ ಇಡೀ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿ ನನ್ನ ಕೈಯಲ್ಲಿಟ್ಟರು.

ಒಂದು ಚಿತ್ರ ಬೇರೆ ಮಾಡಿ ಚೌಕಟ್ಟು ಹಾಕಿಸಬೇಕೆಂದು ಬೀದರಿನ ಮನೆಯಲ್ಲಿ ಆಗಾಗ ಅದನ್ನು ತೆರೆಯುತ್ತೇನೆ. ಯಾರನ್ನು ಬಿಡಬೇಕೆಂದು ತಿಳಿಯದೆ ಮುಚ್ಚುತ್ತೇನೆ.