ಹಾಲಿನ ಡೇರಿಯ ಫೋನಿಗೆ ಲಾಗ್ ಹಾಕಿದ್ದು

"ತಪ್ಪು ಸಾಫ್ಟ್‌ವೇರಿನದಲ್ಲ, ಒತ್ತುವ ಕೈಯದು" ಎಂದು ಹಾಲು ಹಾಕುವವರೆಲ್ಲರ ಮುಂದೆ ಜಂಬದಿಂದ ಹೇಳಿದವನು ನಾನೇ. ರಾಮಾಪುರದ ಆಚೆಯ ಒಂದೂರಿನ ಡೇರಿಗೆ ನಾವು ಮಾಡಿಕೊಟ್ಟ ಸಾಫ್ಟ್‌ವೇರು ಅದು. ಹಾಲು ಪರೀಕ್ಷೆ ಮಾಡುವ ಹೆಂಗಸು ಜಿಡ್ಡಿನ ಅಳತೆಯನ್ನು, ಅಂದರೆ ಹಾಲಿನ ದರ ನಿರ್ಧರಿಸುವ ಫ್ಯಾಟನ್ನು, ಫೋನಿನಲ್ಲಿ ಒತ್ತಿದರೆ ಸೆಕ್ರೆಟರಿಯ ಕಂಪ್ಯೂಟರಿನಲ್ಲಿ ಕಾಣಬೇಕು. ಹಾಕಿದ ವಾರದಿಂದಲೇ ಒಬ್ಬರ ಫ್ಯಾಟು ಇನ್ನೊಬ್ಬರ ಹೆಸರಿಗೆ ಬೀಳತೊಡಗಿತು. ತನಗೆ ಬೇಕಾದವರಿಗೆ ಜಾಸ್ತಿ ಒತ್ತುತ್ತಾಳೆ ಎಂದು ಊರೇ ಆಕೆಯ ಮೇಲೆ ಬಿತ್ತು. ನನ್ನ ಮಾತು ಸಿಕ್ಕಿದ್ದೇ ಸಾಕೆಂದು ಸೆಕ್ರೆಟರಿ, ತಿಂಗಳ ಕೊನೆಗೆ ಆಕೆಯನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿಬಿಟ್ಟ.

"ನಾನು ಸರ್ಯಾಗೇ ಒತ್ತಿವ್ನಿ ಸಾ. ಮಾದಪ್ಪನಾಣೆ" ಎಂದಳು ಆಕೆ. ಅಷ್ಟೇ.

ವಾಪಸು ಬರುವಾಗ ಹನೂರು ದಾಟುವವರೆಗೂ ಆ ಆಣೆ ನನ್ನನ್ನು ಕೊರೆಯಿತು. ಮಾದಪ್ಪನ ಮೇಲೆ ಸುಳ್ಳಾಣೆ ಇಡುವವರು ಈ ಸೀಮೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕೊಳ್ಳೇಗಾಲದ ನಮ್ಮ ಕೋಣೆಗೆ ಬಂದವನೇ, ಲಾಗ್ ಬರೆಯುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಹಾಕೋಣ ಎಂದೆ. ಯಾರ ಹೆಸರಿಗೆ ಏನು ಒತ್ತಿದರು, ಅದು ಎಲ್ಲಿಗೆ ಹೋಯಿತು ಎಂದು ಪ್ರೋಗ್ರಾಮು ತಾನೇ ಬರೆದಿಡುವ ವ್ಯವಸ್ಥೆ ಅದು. ಮೊದಲ ದಿನವೇ ಹಾಕಬೇಕಿತ್ತು. ಸೋಮಾರಿಗಳು, ಹಾಕಿರಲಿಲ್ಲ.

ನನ್ನ ಪಾಲುದಾರ ಕೆಂಡಾಮಂಡಲವಾದ. "ಲೇ, ಅವ್ಳು ಮಾಡಿರೋ ತಪ್ಗೆ ನಾವ್ಯಾಕ್ಲಾ ಸಾಯ್ಬೇಕು? ಫೋನ್ಗೂ ಕಂಪ್ಯೂಟರ್ಗೂ ಒಂದೇ ಲೈಬ್ರರಿ ಒಗ್ಗಲ್ಲ ಕಣ್ಲಾ."

"ನಾನ್ ಒಗ್ಗುಸ್ತೀನಿ. ನೀನು ಬಾಯ್ ಮುಚ್ಕಂಡು ಕೂತ್ಕೊ."

ಒಗ್ಗಲಿಲ್ಲ ದರಿದ್ರದ್ದು. ಕಂಪ್ಯೂಟರಿನಲ್ಲಿ ಪುಟಗಟ್ಟಲೆ ಬರೆದದ್ದು ಫೋನಿಗೆ ಹೋದರೆ ಮೂಗ. ಫೈಲು ಎಲ್ಲಿಡಬೇಕೆಂಬುದಕ್ಕೆ ಫೋನಿನದೇ ಬೇರೆ ಕಾನೂನು. ನಾನು ತೋರಿಸಿದ ಜಾಗದಲ್ಲಿ ಬರೆಯಲು ಅದು ಬಿಡುತ್ತಿರಲಿಲ್ಲ, ಬಿಡುವುದಿಲ್ಲವೆಂದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ನಾಲ್ಕು ದಿನ ಹೀಗೇ. ಪಾಲುದಾರ ಹಿಂದೆ ನಿಂತು ಹಲ್ಲು ಕಿರಿಯುತ್ತಿದ್ದ. ಕೀಬೋರ್ಡನ್ನು ಅವನ ತಲೆಗೆ ಅಪ್ಪಳಿಸುವ ಆಸೆಯನ್ನು ಹೇಗೋ ತಡೆದುಕೊಂಡೆ. ಕೊನೆಗೆ ಎರಡಕ್ಕೂ ಬೇರೆ ಬೇರೆ ಜಾಗ ತೋರಿಸಿದ ಮೇಲೆ ಎರಡೂ ಬರೆದವು. ಹೊಸದನ್ನು ಆಕೆಯ ಫೋನಿಗೆ ಹಾಕಿಸಿದೆ.

ಎರಡು ದಿನದ ಲಾಗು ಸಾಕಾಯಿತು. ಆ ಊರಿನಲ್ಲಿ ಅಕ್ಕಪಕ್ಕದ ಮನೆಯವರು ಸರದಿ ಮೇಲೆ ಹಾಲು ತರುತ್ತಾರೆ. ಇವತ್ತು ಎರಡೂ ಮನೆಯ ಕ್ಯಾನು ಇವಳ ಕೈಯಲ್ಲಿ, ನಾಳೆ ಅವಳ ಕೈಯಲ್ಲಿ. ಪರೀಕ್ಷೆ ಮಾಡುವಾಕೆ ಎರಡನ್ನೂ ನೋಡಿ ಪಟಪಟನೆ ಒತ್ತಿ ಕಳಿಸುತ್ತಾಳೆ. ಮೊದಲನೆಯದು ಕಂಪ್ಯೂಟರಿಗೆ ಮುಟ್ಟುವ ಮುಂಚೆ ಎರಡನೆಯದು ಹೊರಟರೆ ನಮ್ಮ ಪ್ರೋಗ್ರಾಮು ಹೆಸರುಗಳನ್ನು ಅದಲುಬದಲು ಮಾಡುತ್ತಿತ್ತು. ಆಕೆ ಒತ್ತಿದ್ದೆಲ್ಲ ಸರಿ, ಒಂದೂ ತಪ್ಪಿರಲಿಲ್ಲ. ನಾವು ಕೋಣೆಯಲ್ಲಿ ಕೂತು ಒಂದೊಂದೇ ಒತ್ತಿ ನೋಡಿ ಶಭಾಸ್ ಎಂದುಕೊಂಡಿದ್ದೆವು. ಆ ಕೋಡು ಪಾಲುದಾರ ಬರೆದದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬರೆದವನು ನಾನು.

ಕೋಡು ಸರಿಮಾಡಿ, ಸಂಜೆಯ ಹಾಲಿನ ಹೊತ್ತಿಗೆ ಡೇರಿಗೆ ಹೋದೆ. ಸೆಕ್ರೆಟರಿಗೆ ಲಾಗು ತೋರಿಸಿದೆ. "ಆಯ್ತು ಬುಡಿ ಸಾ, ಆಯಮ್ಮನ್ನ ತೆಗ್ಯಲ್ಲ. ಜನಕ್ಕೆ ನಾನೇ ನಿಧಾನಕ್ಕೆ ಏಳ್ತೀನಿ" ಎಂದ. ನಾಚಿಕೆಗೆಟ್ಟ ನನಗೂ ಅದೇ ಬೇಕಿತ್ತು. ಹೊರಗೆ ಕ್ಯಾನು ಹಿಡಿದವರ ಸಾಲು ನಿಂತಿತ್ತು. ಆಕೆಯ ಹತ್ತಿರ ಹೋಗಿ ಮೆಲ್ಲಗೆ, "ತಪ್ಪು ನಂದೇ ಕಣಮ್ಮ. ನಿಮ್ ಕೆಲ್ಸ ಎಲ್ಗೂ ಓಗಲ್ಲ" ಎಂದೆ.

ಆಕೆ ಸ್ಯಾಂಪಲ್ ಬಾಟಲಿ ಕೆಳಗಿಟ್ಟಳು. "ಅವತ್ತು ಊರೆಲ್ಲ ಕೇಳಂಗೆ ಏಳುದ್ರಿ. ಇವತ್ತು ಕಿವೀಲಿ ಏಳ್ತಿದ್ದೀರಲ್ಲ ಸಾ?"

ಸಾಲಿನ ಕಡೆ ತಿರುಗಿ, ತಪ್ಪು ಆಯಮ್ಮನದಲ್ಲ, ನನ್ನದು ಎಂದೆ. ಮುಂದೆ ನಿಂತಿದ್ದ ನಾಲ್ಕು ಜನ ನನ್ನ ಮುಖ ನೋಡಿದರು.

"ಗಟ್ಟಿಯಾಗಿ ಏಳಿ ಸಾ," ಎಂದಳು ಆಕೆ. "ಇಂದ್ಗಡೆಯವ್ರಿಗೆ ಕೇಳ್ನಿಲ್ಲ."